ದುಕ್ಮ್‌ಗೆ ಹೊರಟ ಗಾಲಿಮನೆ

ಪ್ರೇಮನಾಥ ವರ್ಗಾವಣೆಯ ಕಾಗದ ಹಿಡಿದುಕೊಂಡು ಮನೆಗೆ ಬಂದಾಗ ಅವನ ಹೆಂಡತಿ ಲೋಲಾಕ್ಷಿ ಟ್ರೈಲರಿನ ಮಾಡಿನ ಮೇಲೆ ಕುಳಿತಿದ್ದಳು. ೧೯೯೪ರ ಏಪ್ರಿಲ್ ತಿಂಗಳು. ಮಸ್ಕತ್ತಿನ ಅಂಚಿನ ಅಲ್ ಹೈಲ್‌ನ ಬಿಸಿಲು ಸಂಜೆ ನಾಲ್ಕಕ್ಕೂ ಕಣ್ಣು ಕುಕ್ಕುತ್ತಿತ್ತು. ಅವಳು ತಲೆಗೆ ಬೈರಾಸು ಸುತ್ತಿ, ಚೂಡಿದಾರದ ತೋಳು ಮೊಣಕೈವರೆಗೆ ಮಡಚಿ, ಮಾಡಿನ ಅಂಚಿನಲ್ಲಿ ಕಂಡ ಒಂದು ಸಣ್ಣ ಬಿರುಕಿಗೆ ಬ್ರಷ್ಷಿನಿಂದ ಫೈಬರ್ ಅಂಟು ಬಳಿಯುತ್ತಿದ್ದಳು. ಕೆಳಗೆ ಐದು ವರ್ಷದ ಮಗಳು ಅಪ್ಪಿ ಎರಡೂ ಕೈಯಿಂದ ಏಣಿಯನ್ನು ಹಿಡಿದು, ಅಮ್ಮನನ್ನು ಬೀಳದಂತೆ ತಡೆಯುವ ಜವಾಬ್ದಾರಿ ತನ್ನದೇ ಎಂಬಂತೆ ನಿಂತಿದ್ದಳು.

"ದುಕ್ಮ್‌ಗೆ ಹಾಕಿದ್ದಾರೆ," ಎಂದ ಪ್ರೇಮನಾಥ. "ಅಲ್ಲಿ ಮೀನಿನ ಜೆಟ್ಟಿ ಕಟ್ಟುವ ಕೆಲಸ ಸಿಕ್ಕಿದೆಯಂತೆ. ಸ್ಟೋರ್ ನೋಡಿಕೊಳ್ಳಲಿಕ್ಕೆ ನಾನೇ ಬೇಕಂತೆ. ಒಂದು ವರ್ಷ, ಮೇಲೆ ಎರಡು ತಿಂಗಳು."

"ಫ್ಯಾಮಿಲಿ?"

"ಕ್ವಾರ್ಟರ್ಸ್ ಇಲ್ಲ. ಬ್ಯಾಚುಲರ್ ಕ್ಯಾಂಪ್ ಮಾತ್ರ. ಆರು ವಾರಕ್ಕೊಮ್ಮೆ ಮನೆಗೆ ಬಿಡ್ತಾರೆ."

ಲೋಲಾಕ್ಷಿ ಬ್ರಷ್ಷನ್ನು ಡಬ್ಬಿಯ ಬಾಯಿಗೆ ಅಡ್ಡ ಇಟ್ಟಳು. ಮದುವೆಯಾದ ಮೊದಲ ನಾಲ್ಕು ವರ್ಷ ಗಂಡ ಒಮಾನಿನಲ್ಲಿ, ಅವಳು ಮಲ್ಪೆಯಲ್ಲಿ. ತಿಂಗಳಿಗೊಂದು ಕಾಗದ, ಎರಡು ವರ್ಷಕ್ಕೊಮ್ಮೆ ನಲವತ್ತೈದು ದಿನ. ಎಂಬತ್ತೈದರಲ್ಲಿ ವೀಸಾ ಸಿಕ್ಕಿ ಸೀಬ್ ವಿಮಾನ ನಿಲ್ದಾಣದಲ್ಲಿ ಇಳಿದ ದಿನವೇ, ಇನ್ನು ಹಾಗೆ ಬದುಕುವುದಿಲ್ಲ ಎಂದು ಅವಳು ತೀರ್ಮಾನಿಸಿಯಾಗಿತ್ತು.

"ಕ್ವಾರ್ಟರ್ಸ್ ಯಾಕೆ ಬೇಕು ನಮಗೆ?" ಎಂದಳು. "ನಾನು ಈಗ ಯಾವುದರ ಮೇಲೆ ಕೂತಿದ್ದೇನೆ, ಸ್ವಲ್ಪ ತಲೆ ಎತ್ತಿ ನೋಡಿ ಮಾರಾಯ್ರೆ!"

ಪ್ರೇಮನಾಥ ತಲೆ ಎತ್ತಿ ನೋಡಿದ. ಇಪ್ಪತ್ತಾರು ಅಡಿ ಉದ್ದದ, ಬಿಳಿ ಮೈಗೆ ಕಂದು ಪಟ್ಟಿ ಬಳಿದ ಆ ಗಾಲಿಮನೆ ಒಂಬತ್ತು ವರ್ಷದಿಂದ ಅವರದ್ದು. ಅದರ ಮೊದಲ ಒಡೆಯ ತೈಲ ಹುಡುಕಲು ಬಂದ ಒಬ್ಬ ಅಮೆರಿಕನ್. ಊರಿನಿಂದ ಹಡಗಿನಲ್ಲಿ ತರಿಸಿ, ಐದು ವರ್ಷ ಮರುಭೂಮಿಯೆಲ್ಲ ಎಳೆದು, ದೇಶ ಬಿಡುವಾಗ ಪಿಕಪ್ಪಿನ ಸಮೇತ ಸುಮ್ಮನೆ ಎಂಬಷ್ಟು ಕಡಿಮೆಗೆ ಪ್ರೇಮನಾಥನಿಗೆ ಕೊಟ್ಟುಹೋಗಿದ್ದ. ಅದಕ್ಕೆ ಬೇಕಾದ ಬೇರಿಂಗು, ಬೋಲ್ಟುಗಳನ್ನು ಹುಡುಕಿ ಕೊಡುತ್ತಿದ್ದವನು ಸ್ಟೋರ್‌ಕೀಪರ್ ಪ್ರೇಮನಾಥನೇ. "ಇದರ ಒಳಗೆಲ್ಲ ನಿನಗೇ ಗೊತ್ತು, ನೀನೇ ಇಟ್ಟುಕೋ," ಎಂದಿದ್ದನಂತೆ ಅವನು.

ಸಾಮಾನ್ಯ ಟ್ರೈಲರು ಗಾಡಿಯ ಹಿಂದಿನ ಬಂಪರಿಗೆ ಸಿಕ್ಕಿಕೊಳ್ಳುತ್ತದೆ. ಇದು ಹಾಗಲ್ಲ. ಇದರ ಮುಂಭಾಗ ಒಂಟೆಯ ಕುತ್ತಿಗೆಯಂತೆ ಮೇಲೆದ್ದು ಪಿಕಪ್ಪಿನ ಹಿಂಬದಿಯ ತೊಟ್ಟಿಯ ಮೇಲೆ ಬಾಗುತ್ತದೆ. ಕುತ್ತಿಗೆಯ ಅಡಿಯಲ್ಲಿ ಮುಷ್ಟಿ ಗಾತ್ರದ ಒಂದು ಉಕ್ಕಿನ ಗೂಟ. ತೊಟ್ಟಿಯ ನಡುವೆ ಬಿಗಿದ ದಪ್ಪ ತಟ್ಟೆಯ ದವಡೆಯೊಳಗೆ ಆ ಗೂಟ ಹೋಗಿ ಕೂತರೆ 'ಠಕ್' ಎಂದು ಬೀಗ ಬೀಳುತ್ತದೆ. ಭಾರವೆಲ್ಲ ಪಿಕಪ್ಪಿನ ಹಿಂದಿನ ಅಚ್ಚಿನ ಮೇಲೆ. ಆ ಬಾಗಿದ ಕುತ್ತಿಗೆಯೊಳಗಿನ ಮಂಚವೇ ಅಪ್ಪಿಯ ಕೋಣೆ. ಕೆಳಗೆ ಅಡುಗೆ ಕಟ್ಟೆ, ಗ್ಯಾಸಿನಲ್ಲೂ ನಡೆಯುವ ಫ್ರಿಜ್ಜು, ಮೇಜು, ಸಣ್ಣ ಬಚ್ಚಲು, ಹಿಂದೆ ದೊಡ್ಡ ಕಿಟಕಿ.

ಅದನ್ನು ಮನೆಯ ಮುಂದೆ ತಂದು ನಿಲ್ಲಿಸಿದ ದಿನ ಪಕ್ಕದ ಮನೆಯ ಸಿರಿಲ್ ಸುತ್ತ ಒಂದು ಪ್ರದಕ್ಷಿಣೆ ಹಾಕಿದ್ದ. ಅವನು ಮಂಗಳೂರಿನ ಬೆಂದೂರಿನವನು, ಪ್ರೇಮನಾಥನದ್ದೇ ಕಂಪನಿಯ ಟ್ರಾನ್ಸ್‌ಪೋರ್ಟ್ ವಿಭಾಗದವನು. "ಪ್ರೇಮಣ್ಣ, ಇದು ಅಮೆರಿಕದ ಹವೆಗೆ ಮಾಡಿದ್ದು. ಇಲ್ಲಿನ ಬಿಸಿಲಿಗೆ ಎರಡು ವರ್ಷ. ಆಮೇಲೆ ಖಲಾಸ್," ಎಂದಿದ್ದ.

ಅವನ ಮಾತು ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಮೊದಲ ಪ್ರಯಾಣದಲ್ಲಿ ಬರ್ಕಾ ತಲುಪುವ ಮೊದಲೇ ಟೈರು ಸಿಡಿಯಿತು. ಹೊಸದರಂತೆ ಕಾಣುತ್ತಿದ್ದ ಟೈರು ಓಡದೆ ನಿಂತಲ್ಲೇ ಬಿಸಿಲಿಗೆ ಬೆಂದು ಒಳಗೊಳಗೇ ಸೀಳಿತ್ತು. ಎರಡನೇ ವರ್ಷ ಚಳಿಗಾಲದ ಒಂದೇ ಒಂದು ಮಳೆಗೆ ಮಾಡು ಸೋರಿ ಹಾಸಿಗೆ ಒದ್ದೆಯಾಯಿತು. ಬಿಸಿಲು ಮಾಡಿನ ಸಂದಿಗಳ ಅಂಟನ್ನೆಲ್ಲ ಹಪ್ಪಳದಂತೆ ಎಬ್ಬಿಸಿಬಿಟ್ಟಿತ್ತು. ಪ್ರೇಮನಾಥ ಮಾರಿಬಿಡುವ ಎಂದ. ಆದರೆ ಲೋಲಾಕ್ಷಿ ಏಣಿ ಹತ್ತಿ ಆ ಮಾಡನ್ನು ಬಹಳ ಹೊತ್ತು ನೋಡಿದಳು. ಅವಳ ಅಪ್ಪ ಮಲ್ಪೆಯಲ್ಲಿ ದೋಣಿ ಕಟ್ಟುತ್ತಿದ್ದವರು. ಹಲಗೆಗಳ ಸಂದಿಗೆ ಹತ್ತಿ ತುರುಕಿ ನೀರು ತಡೆಯುವ ಕೆಲಸ ನೋಡುತ್ತಲೇ ಬೆಳೆದವಳು ಅವಳು.

"ಇದು ಮಗುಚಿ ಹಾಕಿದ ದೋಣಿ," ಎಂದು ಅವಳು ಮೇಲಿನಿಂದಲೇ ಕೂಗಿದಳು. "ದೋಣಿಗೆ ನೀರು ಒಳಗೆ ಬರದ ಹಾಗೆ ಮಾಡುವವರು ಇಲ್ಲಿ ಯಾರೂ ಇಲ್ವಾ?"

ಇದ್ದರು. ಸೀಬ್ ಕಡಲ ಕರೆಯಲ್ಲಿ ಖಮೀಸ್ ಎಂಬ ಬಲೂಚಿಯೊಬ್ಬ ಫೈಬರ್ ದೋಣಿಗಳನ್ನು ರಿಪೇರಿ ಮಾಡುತ್ತಿದ್ದ. ಲೋಲಾಕ್ಷಿ ಹರಕು ಹಿಂದಿಯಲ್ಲಿ ವಿಷಯ ಹೇಳಿದಾಗ ಅವನಿಗೆ ನಗು ತಡೆಯಲಾಗಲಿಲ್ಲ. ಆದರೂ ಮರುದಿನ ಬಂದ. ಗಾಜಿನ ನಾರಿನ ಬಟ್ಟೆಯನ್ನು ಮಾಡಿನ ಉದ್ದಕ್ಕೂ ಹಾಸಿ, ಅಂಟು ಸುರಿದು, ಮೂರು ಪದರ ಕಟ್ಟಿದ. ಕೆಲಸ ಮುಗಿದ ಮೇಲೆ ಮಾಡಿನ ಮೇಲೆ ಕಾಲಿನಿಂದ ಗುದ್ದಿ, "ಬೆಹೆನ್, ಈಗ ಇದನ್ನು ಕಡಲಿಗೆ ಇಳಿಸಬಹುದು," ಎಂದ. ಆ ಮಾಡು ಮುಂದೆ ಒಂದು ತೊಟ್ಟು ಸೋರಲಿಲ್ಲ.

ಅಂದಿನಿಂದ ಟ್ರೈಲರಿನ ಉಸ್ತುವಾರಿ ಲೋಲಾಕ್ಷಿಯದ್ದಾಯಿತು. ಟೈರುಗಳಿಗೆ ಬಿಸಿಲು ತಾಗದಂತೆ ಹಲಗೆ ನಿಲ್ಲಿಸಿದಳು. ವರ್ಷಕ್ಕೊಮ್ಮೆ ನಾಲ್ಕೂ ಗಾಲಿ ಬಿಚ್ಚಿಸಿ ಬೇರಿಂಗುಗಳನ್ನು ತೊಳೆದು ತಾನೇ ಬೆರಳಿನಿಂದ ಗ್ರೀಸ್ ತುಂಬಿದಳು. ಯಾವ ಬಾಗಿಲಿನ ಕೀಲು ಯಾವಾಗ ಕಿರುಗುಟ್ಟಲು ಶುರುಮಾಡುತ್ತದೆ, ಫ್ರಿಜ್ಜಿನ ಉರಿ ಎಷ್ಟು ನೀಲಿ ಇರಬೇಕು, ಎಲ್ಲ ಅವಳಿಗೆ ಬಾಯಿಪಾಠ. ತೊಂಬತ್ತೊಂದರಲ್ಲಿ ಮೂರನೇ ಪ್ರಯತ್ನಕ್ಕೆ ಡ್ರೈವಿಂಗ್ ಲೈಸೆನ್ಸ್ ಕೂಡ ಸಿಕ್ಕಿತು. ಸೂರ್, ರಾಸ್ ಅಲ್ ಹದ್, ಸೊಹಾರ್ ಎಂದು ರಜೆ ಸಿಕ್ಕಾಗೆಲ್ಲ ಹೋಗಿಬಂದರು. ಎಲ್ಲವೂ ಟಾರು ರಸ್ತೆ, ಎರಡು ಮೂರು ದಿನದ ಪ್ರಯಾಣ. ವಾಸಕ್ಕೆಂದು ಅದನ್ನು ಕೊಂಡೊಯ್ಯುವುದು ಇದೇ ಮೊದಲು.

ಮರುದಿನ ಪ್ರೇಮನಾಥ ದುಕ್ಮ್ ಸೈಟಿನ ಅಡ್ಮಿನ್ ಮುಖ್ಯಸ್ಥ ಆಲ್ಫ್ರೆಡ್ ಅವರಿಗೆ ಫೋನು ಮಾಡಿದ. ಆಲ್ಫ್ರೆಡ್ ಕಂಪನಿಯಲ್ಲಿ ಇಪ್ಪತ್ತು ವರ್ಷ ಸವೆಸಿದ ಉಡುಪಿಯವರು, ಜಾಗ್ರತೆಯ ಮನುಷ್ಯ.

"ಟ್ರೈಲರ್ ಎಷ್ಟು ಹಳತು?" ಎಂದು ಕೇಳಿದರು.

"ಹದಿನಾಲ್ಕು ವರ್ಷ ಸರ್."

"ನೋಡಿ ಪ್ರೇಮನಾಥ್, ಹೈಮಾದಿಂದ ಇಲ್ಲಿಗೆ ಟಾರು ಇಲ್ಲ. ನೂರ ಎಪ್ಪತ್ತು ಕಿಲೋಮೀಟರ್ ಮಣ್ಣು ರಸ್ತೆ. ನಮ್ಮ ಹೊಸ ಪೋರ್ಟಾ ಕ್ಯಾಬಿನ್ನೇ ಲಾರಿಯಲ್ಲಿ ಬಂದು ಎರಡು ತುಂಡಾಗಿದೆ. ನಾನು ಬೇಡ ಅಂತ ಹೇಳುವುದಿಲ್ಲ. ಮೇ ಐದು, ಗುರುವಾರ ಸಂಜೆಯೊಳಗೆ ತಂದು ನಿಲ್ಲಿಸಿ. ಶನಿವಾರ ಮಸ್ಕತ್ತಿನಿಂದ ದೊಡ್ಡ ಸಾಹೇಬರು ಕ್ಯಾಂಪ್ ನೋಡಲಿಕ್ಕೆ ಬರ್ತಾರೆ. ಅವರು ನೋಡಿ ವಾಸಕ್ಕೆ ಆಗ್ತದೆ ಅಂದ್ರೆ ಫ್ಯಾಮಿಲಿ ಪರ್ಮಿಶನ್. ಇಲ್ಲದಿದ್ರೆ ಹೆಂಡತಿ, ಮಗು ಬಂದ ದಾರಿಯಲ್ಲೇ ವಾಪಸ್. ಆಗಬಹುದಾ?"

ಪ್ರೇಮನಾಥ ಫೋನಿಗೆ ಕೈ ಅಡ್ಡ ಹಿಡಿದು ಹೆಂಡತಿಯ ಮುಖ ನೋಡಿದ. ಫೋನಿಗೆ ಕಿವಿಯೊಡ್ಡಿದ್ದ ಅವಳು ಆಗಲೇ ಹೂಂ ಎಂದು ತಲೆ ಆಡಿಸುತ್ತಿದ್ದಳು.

ಆ ಎರಡು ವಾರ ಮನೆಯಲ್ಲಿ ಹಬ್ಬದ ಗಡಿಬಿಡಿ. ಕುಚ್ಚಲಕ್ಕಿ, ಮೆಣಸಿನ ಪುಡಿ, ಒಣಮೀನು, ಅಪ್ಪಿಯ ಸ್ಲೇಟು, ಹೊಲಿಗೆ ಮೆಶಿನ್. ಸೀಬ್‌ನಿಂದ ಖಮೀಸ್ ಬಂದು ಎರಡು ಸುರುಳಿ ಲಂಗರಿನ ಹಗ್ಗ ಇಳಿಸಿಹೋದ. ದುಕ್ಮ್‌ನ ಗಾಳಿ ತನಗೆ ಗೊತ್ತು, ಮನೆಯನ್ನು ದೋಣಿಯ ಹಾಗೆ ಕಟ್ಟಿಹಾಕಬೇಕು ಎಂದು ಎಚ್ಚರಿಸಿದ. ಸಿರಿಲ್‌ಗೂ ಅದೇ ಸೈಟಿಗೆ ವರ್ಗವಾಗಿತ್ತು. ಕಂಪನಿಯ ಸಣ್ಣ ಪಿಕಪ್ ತೆಗೆದುಕೊಂಡು ಅವರ ಹಿಂದೆಯೇ ಹೊರಡುವುದೆಂದು ತೀರ್ಮಾನವಾಯಿತು. "ಬಿದ್ದ ಸಾಮಾನು ಹೆಕ್ಕಿಕೊಂಡು ಬರ್ಲಿಕ್ಕೆ ಒಬ್ಬ ಬೇಕಲ್ಲ," ಎಂದ ಅವನು.

ಬುಧವಾರ ನಸುಕಿನಲ್ಲಿ ಗೂಟ ದವಡೆಯೊಳಗೆ ಠಕ್ಕೆಂದು ಕೂತಿತು. ಅಪ್ಪಿ ಚಪ್ಪಾಳೆ ತಟ್ಟಿದಳು. "ಆರ್ ವೀ ಗೋಯಿಂಗ್ ಫಾರೆವರ್, ಅಮ್ಮಾ?" ಎಂದು ಕೇಳಿದಳು.

"ಫಾರೆವರ್ ಅಲ್ಲ ಮಗಾ. ಸುಮಾರು ದಿನಕ್ಕೆ."

ಸುಮೈಲ್ ಕಣಿವೆಯ ಏರಿನಲ್ಲಿ ಎಂಟು ಸಿಲಿಂಡರಿನ ಪಿಕಪ್ ಏದುಸಿರು ಬಿಟ್ಟಿತು, ಆದರೆ ನಿಲ್ಲಲಿಲ್ಲ. ನಿಜ್ವಾ ದಾಟಿ, ಆದಮ್‌ನಲ್ಲಿ ನೀರು ತುಂಬಿಸಿ, ಅಲ್ಲಿಂದ ಮುಂದೆ ಗೆರೆ ಎಳೆದ ಹಾಗೆ ನೇರ ರಸ್ತೆ. ಬೆಟ್ಟ ಇಲ್ಲ, ಮರ ಇಲ್ಲ, ಬೆಳಗ್ಗಿನಿಂದ ಸಂಜೆವರೆಗೆ ದಿಗಂತ ಒಂದಿಂಚೂ ಹತ್ತಿರ ಬಂದಂತೆ ಕಾಣಲಿಲ್ಲ. ಲೋಲಾಕ್ಷಿ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಗಾಲಿಗಳ ಸದ್ದನ್ನೇ ಕೇಳಿಸಿಕೊಳ್ಳುತ್ತಿದ್ದಳು. ಐವತ್ತು ಕಿಲೋಮೀಟರಿಗೊಮ್ಮೆ ಇಳಿದು ನಾಲ್ಕೂ ಗಾಲಿಯ ನಡುಭಾಗವನ್ನು ಅಂಗೈಯಿಂದ ಮುಟ್ಟಿ ನೋಡಿದಳು. ಕೈ ಇಡಬಹುದಾದಷ್ಟೇ ಬಿಸಿ. ಹೊತ್ತು ಮುಳುಗುವಾಗ ಹೈಮಾ ತಲುಪಿದರು. ಪೆಟ್ರೋಲ್ ಬಂಕಿನ ಪಕ್ಕದಲ್ಲಿ ನಿಲ್ಲಿಸಿ, ಒಣಮೀನು ಚಟ್ನಿಯಲ್ಲಿ ಗಂಜಿ ಉಂಡು ಮಲಗಿದರು.

ಬೆಳಿಗ್ಗೆ ಮರುಭೂಮಿಯ ಬದೂ ಅಲೆಮಾರಿ ಮುದುಕನೊಬ್ಬ ಒಂಟೆಗಳಿಗೆ ನೀರು ಕೊಂಡೊಯ್ಯಲು ಬಂದವನು ಗಾಲಿಮನೆಯ ಒಳಗೆ ಇಣುಕಿದ. ಲೋಲಾಕ್ಷಿ ಚಹಾ ಕೊಟ್ಟಳು. ಎಲ್ಲಿಗೆ ಎಂದು ಕೇಳಿ ತಿಳಿದ ಮೇಲೆ ಅವನು ನೆಲದ ಮೇಲೆ ಕೋಲಿನಿಂದ ಗೆರೆ ಎಳೆದ. ದುಕ್ಮ್‌ಗೆ ಸ್ವಲ್ಪ ಮೊದಲು ಸಬ್ಖಾ, ಅಂದರೆ ಉಪ್ಪಿನ ಜೌಗು. ಹೋದ ವಾರ ಮಳೆ ಬಿದ್ದಿದೆ. ಮೇಲೆ ಒಣಗಿದಂತೆ ಕಾಣುತ್ತದೆ, ಅಡಿಯಲ್ಲಿ ಕೆಸರು. ದಾರಿಗುಂಟ ಇಟ್ಟ ಪೀಪಾಯಿಗಳ ಗುರುತು ಬಿಟ್ಟು ಆಚೀಚೆ ಹೋಗಬೇಡಿ. "ನಿಲ್ಲಬೇಡಿ," ಎಂದು ಮೂರು ಸಲ ಹೇಳಿದ. "ನಿಂತರೆ ಅದು ನಿಮ್ಮನ್ನು ಇಟ್ಟುಕೊಳ್ಳುತ್ತದೆ."

ಮಣ್ಣು ರಸ್ತೆ ಶುರುವಾದದ್ದೇ ತಡ, ಗಾಲಿಮನೆಯೊಳಗಿನ ಪಾತ್ರೆಗಳೆಲ್ಲ ಒಟ್ಟಿಗೆ ಮಾತಾಡಲು ತೊಡಗಿದವು. ರಸ್ತೆಯ ಮೈ ಬಟ್ಟೆ ಒಗೆಯುವ ಹಲಗೆಯಂತೆ ಗೀರುಗೀರಾಗಿತ್ತು. ನಿಧಾನ ಹೋದರೆ ಹಲ್ಲು ಕಡಿಯುವ ಕುಲುಕಾಟ, ಜೋರು ಹೋದರೆ ಗಾಲಿ ಮಾತು ಕೇಳುವುದಿಲ್ಲ. ಪ್ರೇಮನಾಥ ಮೂವತ್ತರ ವೇಗ ಹಿಡಿದ. ತೊಂಬತ್ತು ಕಿಲೋಮೀಟರು ದಾಟಿದಾಗ ಲೋಲಾಕ್ಷಿ ಕೈ ಎತ್ತಿದಳು.

"ನಿಲ್ಲಿಸಿ! ರಬ್ಬರ್ ವಾಸನೆ!"

ಇಳಿದು ನೋಡಿದರೆ ಎಡಬದಿಯ ಹಿಂದಿನ ಗಾಲಿಯ ಸ್ಪ್ರಿಂಗ್ ಪಟ್ಟಿ ನಡುವಿನಲ್ಲೇ ತುಂಡಾಗಿತ್ತು. ಅಚ್ಚು ಹಿಂದಕ್ಕೆ ಸರಿದು ಟೈರು ಮೇಲಿನ ತಗಡಿಗೆ ಉಜ್ಜುತ್ತಿತ್ತು. ಬೇರಿಂಗ್ ಇತ್ತು, ಟೈರು ಎರಡಿತ್ತು, ಬೋಲ್ಟುಗಳ ಒಂದು ಡಬ್ಬಿಯೇ ಇತ್ತು. ಸ್ಪ್ರಿಂಗ್ ಮಾತ್ರ ಇರಲಿಲ್ಲ.

ಸಿರಿಲ್ ಟೋಪಿ ತೆಗೆದು ತಲೆ ಕೆರೆದ. "ಪ್ರೇಮಣ್ಣ, ಇಲ್ಲೇ ಬಿಡುವ. ನನ್ನ ಗಾಡಿಯಲ್ಲಿ ಎಲ್ಲರೂ ಹೋಗುವ. ಶನಿವಾರ ಕ್ರೇನ್ ಕಳಿಸಿದ್ರಾಯ್ತು."

"ಶನಿವಾರ ಸಾಹೇಬರಿಗೆ ಎಂತ ತೋರಿಸುವುದು? ಅಕ್ಕಿ ಚೀಲವಾ?" ಎಂದಳು ಲೋಲಾಕ್ಷಿ.

ಪ್ರೇಮನಾಥ ಗಾಡಿಯಡಿಗೆ ನುಗ್ಗಿದ. ಹತ್ತು ನಿಮಿಷ ಅವನ ಕಾಲು ಮಾತ್ರ ಕಾಣುತ್ತಿತ್ತು. ಹೊರಗೆ ಬಂದಾಗ ಮುಖದ ತುಂಬ ಧೂಳು, ಆದರೆ ಕಣ್ಣು ಹೊಳೆಯುತ್ತಿತ್ತು. "ನಾಲ್ಕು ಗಾಲಿ ಉಂಟಲ್ಲ? ಮೂರು ಸಾಕು! ಈ ಗಾಲಿ ತೆಗೆದು, ಅಚ್ಚಿನ ಈ ತುದಿಯನ್ನು ಮೇಲೆತ್ತಿ ಚಾಸಿಗೆ ಕಟ್ಟಿಬಿಟ್ಟರೆ ಮುಂದಿನ ಗಾಲಿ ಎಡಬದಿಯ ಭಾರ ಹೊರ್ತದೆ. ಆದರೆ ಕಟ್ಟಲಿಕ್ಕೆ ಸರಪಳಿ ಇಲ್ಲ."

"ಹಗ್ಗ ಉಂಟು," ಎಂದಳು ಲೋಲಾಕ್ಷಿ.

ಜಾಕಿನಿಂದ ಎತ್ತಿ ಗಾಲಿ ಬಿಚ್ಚಿದರು. ನಲವತ್ತೆರಡು ಡಿಗ್ರಿ ಬಿಸಿಲು. ಸ್ಪಾನರು ಹಿಡಿಯಬೇಕಾದರೆ ಬಟ್ಟೆ ಸುತ್ತಬೇಕು. ಲೋಲಾಕ್ಷಿ ಮಲಗಿಕೊಂಡೇ ಲಂಗರಿನ ಹಗ್ಗವನ್ನು ಅಚ್ಚಿಗೂ ಚಾಸಿಗೂ ಎಂಟು ಸುತ್ತು ಹಾಕಿದಳು. ಕಬ್ಬಿಣದ ಅಂಚು ಹಗ್ಗವನ್ನು ಕೊಯ್ಯಬಾರದೆಂದು ಬಾಗಿಲ ಮುಂದಿನ ರಬ್ಬರ್ ಚಾಪೆಯನ್ನು ಕತ್ತರಿಸಿ ನಡುವೆ ಇಟ್ಟಳು. ಕೊನೆಗೆ ಅಪ್ಪ ದೋಣಿಯ ತಲೆಗೆ ಹಾಕುತ್ತಿದ್ದ ಗಂಟು. ಎಳೆದಷ್ಟೂ ಬಿಗಿಯುವ ಗಂಟು. ಸಿರಿಲ್ ಹಗ್ಗವನ್ನು ಬೆರಳಿನಿಂದ ಮೀಟಿ ನೋಡಿದ. ತಂತಿಯಂತೆ 'ಟಣ್' ಎಂದಿತು. ಅವನ ಮುಖದಲ್ಲೂ ಈಗ ಉತ್ಸಾಹ ಏರತೊಡಗಿತ್ತು. "ಯಲ್ಲಾ, ನಡೀರಿ! ನೋಡಿಯೇ ಬಿಡುವ ಲೋಲಾಕ್ಷಕ್ಕ!"

ಹಗ್ಗವನ್ನು ಯಾರಾದರೂ ಸದಾ ನೋಡುತ್ತಿರಬೇಕಿತ್ತು. ಸಡಿಲವಾದರೆ ಎಷ್ಟು ಹೊತ್ತು ಓಡಿಸಬಹುದು ಎಂದು ಹೇಳಬಲ್ಲವನು ಪ್ರೇಮನಾಥ ಒಬ್ಬನೇ. ಹಾಗಾಗಿ ಅವನು ಸಿರಿಲ್‌ನ ಗಾಡಿಯಲ್ಲಿ ಹಿಂದಿನಿಂದ ಬರುವುದು, ಲೋಲಾಕ್ಷಿ ಓಡಿಸುವುದು ಎಂದಾಯಿತು. ಹಾರ್ನ್ ಒಂದು ಸಲ ಉದ್ದಕ್ಕೆ ಊದಿದರೆ ನಿಲ್ಲಿಸು, ಎರಡು ಸಲ ಚಿಕ್ಕದಾಗಿ ಊದಿದರೆ ಎಲ್ಲ ಸರಿ, ನಡೆ.

"ನಿನಗೆ ಹೆದರಿಕೆ ಇಲ್ಲವಲ್ಲ?" ಎಂದು ಪ್ರೇಮನಾಥ ಕಿಟಕಿಯ ಬಳಿ ನಿಂತು ಕೇಳಿದ.

"ಉಂಟು. ಹೊರಡುವ," ಎಂದಳು ಅವಳು.

ಮೂರು ಗಾಲಿಯ ಮೇಲೆ ಮನೆ ಹೊರಟಿತು. ಹಿಂದಿನಿಂದ ಐದು ನಿಮಿಷಕ್ಕೊಮ್ಮೆ ಎರಡು ಸಲ ಹಾರ್ನ್. ಅಪ್ಪಿ ಪಕ್ಕದಲ್ಲಿ ಕುಳಿತು ಪ್ರತಿ ಸಲವೂ "ಆಲ್ ಓಕೆ!" ಎಂದು ಅನುವಾದಿಸಿದಳು. ಮಧ್ಯಾಹ್ನ ಮೂರು ದಾಟಿದ ಮೇಲೆ ನೆಲದ ಬಣ್ಣ ಬದಲಾಯಿತು. ಕಂದು ಹೋಗಿ ಬೂದು, ಆ ಬೂದುಬಣ್ಣದ ಮೇಲೆ ಉಪ್ಪಿನ ಬಿಳಿ ಹೊರಪದರ. ಎರಡೂ ಬದಿಗೆ ತುಕ್ಕು ಹಿಡಿದ ಎಣ್ಣೆಯ ಪೀಪಾಯಿಗಳು ಸಾಲಾಗಿ ದೂರ ಹೋಗಿದ್ದವು. ಗಾಲಿಯ ಗಲಾಟೆ ಒಮ್ಮೆಲೇ ನಿಂತು, ಹಿಟ್ಟಿನ ಮೇಲೆ ಓಡಿದಂತೆ ಮೆತ್ತಗಾಯಿತು.

ಸಬ್ಖಾ.

ಲೋಲಾಕ್ಷಿ ಸ್ಟೇರಿಂಗನ್ನು ಎರಡೂ ಕೈಯಿಂದ ಹಿಡಿದಳು. ಒಂದು ಕಿಲೋಮೀಟರಿನಷ್ಟು ದೂರ ಎಲ್ಲವೂ ಸುಖವಾಗಿತ್ತು. ಆಮೇಲೆ ಪಿಕಪ್ಪಿನ ಮೂಗು ತುಸು ಬಾಗಿತು. ಕಾಲು ಒತ್ತಿದರೂ ವೇಗದ ಮುಳ್ಳು ಇಳಿಯತೊಡಗಿತು. ಮೂವತ್ತೈದು, ಇಪ್ಪತ್ತೆಂಟು, ಇಪ್ಪತ್ತು. ಕನ್ನಡಿಯಲ್ಲಿ ಹಿಂದೆ ಕಪ್ಪು ಕೆಸರು ಚಿಮ್ಮುತ್ತಿತ್ತು. ಅವಳು ಗೇರಿನ ಸಲಾಕೆಯನ್ನು ಕೆಳಕ್ಕೆಳೆದಳು. ಎಂಜಿನ್ ಅಬ್ಬರಿಸಿತು.

"ಎದುರಿನ ಪೀಪಾಯಿ ಎಣಿಸು ಮಗಾ! ಇನ್ನೆಷ್ಟುಂಟು?"

"ನೈನ್! ನೋ, ಎಯ್ಟ್!"

ಆಗಲೇ ಹಿಂದಿನಿಂದ ಹಾರ್ನ್. ಒಂದಲ್ಲ, ಎರಡಲ್ಲ, ಬಿಡದೆ ಒಂದೇ ಸಮನೆ. ನಿಲ್ಲಿಸು ಎಂದೋ? ಹಗ್ಗ ಕಳಚಿತೋ? ಲೋಲಾಕ್ಷಿಯ ಕಾಲು ಬ್ರೇಕಿನ ಕಡೆಗೆ ಹೋಗಿಯೇಬಿಟ್ಟಿತ್ತು. ಆದರೆ ಹೈಮಾದ ಮುದುಕ ಮೂರು ಸಲ ಹೇಳಿದ್ದ. ಕಳಚಿದ್ದರೆ ಆಚೆ ದಡದಲ್ಲಿ ಮತ್ತೆ ಕಟ್ಟಬಹುದು, ಇಲ್ಲಿ ನಿಂತರೆ ಕಟ್ಟಲು ಏನೂ ಉಳಿಯುವುದಿಲ್ಲ. ಅವಳು ಕಾಲನ್ನು ಹಿಂದೆಗೆದು ಆಕ್ಸಿಲರೇಟರಿನ ಮೇಲೆ ಊರಿದಳು.

"ಫೋರ್! ತ್ರೀ! ಅಮ್ಮಾ, ಟೂ!"

ಮುಂದಿನ ಗಾಲಿಗಳಿಗೆ ಕಲ್ಲು ಸಿಕ್ಕಿತು. ಪಿಕಪ್ ಒಮ್ಮೆ ಜಗ್ಗಿ ಮೇಲೆದ್ದಿತು, ಅದರ ಹಿಂದೆಯೇ ಇಪ್ಪತ್ತಾರು ಅಡಿಯ ಮನೆ ಕೆಸರಿನಿಂದ ಕಿತ್ತುಕೊಂಡು ಗಟ್ಟಿ ನೆಲಕ್ಕೆ ಬಂದಿತು. ನೂರು ಗಜ ಮುಂದೆ ನಿಲ್ಲಿಸಿ ಲೋಲಾಕ್ಷಿ ಬಾಗಿಲು ತೆರೆದು ಓಡಿದಳು.

"ಎಂತ ಆಯ್ತು? ಹಗ್ಗ ಹೋಯ್ತಾ?"

ಹಗ್ಗ ಇದ್ದಂತೆಯೇ ಇತ್ತು. ಪ್ರೇಮನಾಥ ಸಿರಿಲ್‌ನ ಗಾಡಿಯ ತೊಟ್ಟಿಯಲ್ಲಿ ನಿಂತು, ಅಡಿಯಿಂದ ಮುಡಿಯವರೆಗೆ ಕೆಸರು ಮೆತ್ತಿಕೊಂಡು, ಹೊಟ್ಟೆ ಹಿಡಿದು ನಗುತ್ತಿದ್ದ. ಸಿರಿಲ್ ಸ್ಟೇರಿಂಗ್ ಬಿಡದೆ ಕೂತಿದ್ದ.

"ನಾನು ಹೆದರಿ ಒತ್ತಿದ್ದು ಅಕ್ಕ," ಎಂದ ಅವನು. "ಕೈ ತೆಗೀಲಿಕ್ಕೇ ಆಗ್ಲಿಲ್ಲ."

ಬೈಯಬೇಕೆಂದು ಬಾಯಿ ತೆರೆದ ಲೋಲಾಕ್ಷಿಗೆ ನಗು ಬಂತು. ನಾಲ್ವರೂ ರಸ್ತೆಯ ನಡುವೆ ನಿಂತು ನಕ್ಕರು. ಅಪ್ಪಿಗೆ ಯಾಕೆಂದು ಗೊತ್ತಾಗದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಅಷ್ಟರಲ್ಲಿ ಗಾಳಿ ಬೀಸಿತು. ತಂಪು ಗಾಳಿ, ಉಪ್ಪಿನ ವಾಸನೆಯದು. ದೂರದಲ್ಲಿ ನೀಲಿಯ ಒಂದು ಪಟ್ಟಿ. ಕಡಲು.

ಐದೂವರೆಗೆ ಕ್ಯಾಂಪಿನ ಒಳಗೆ ಹೋದಾಗ ವಾಲಿಬಾಲ್ ಆಡುತ್ತಿದ್ದವರು ಚೆಂಡು ಬಿಟ್ಟು ಓಡಿಬಂದರು. ಆಂಧ್ರದವರು, ಕೇರಳದವರು, ಪಾಕಿಸ್ತಾನದವರು, ನಲವತ್ತು ಐವತ್ತು ಜನ. ಆಲ್ಫ್ರೆಡ್ ಆಫೀಸಿನ ಮೆಟ್ಟಿಲಿಳಿದು ಬಂದು ಕನ್ನಡಕ ಸರಿಮಾಡಿಕೊಂಡು ಗಾಲಿಮನೆಯನ್ನು ಮುಂದಿನಿಂದ ಹಿಂದಿನವರೆಗೆ ನೋಡಿದರು.

"ಒಂದು ಗಾಲಿ ಎಲ್ಲಿ?"

"ಒಳಗೆ ಉಂಟು ಸರ್," ಎಂದಳು ಲೋಲಾಕ್ಷಿ. "ಹಾಸಿಗೆ ಮೇಲೆ."

ಶುಕ್ರವಾರ ರಜೆ. ಆದರೂ ವರ್ಕ್‌ಶಾಪಿನ ಶಾಹುಲ್ ಹಮೀದ್ ಎಂಬ ವೆಲ್ಡರ್ ಜುಮ್ಮಾ ನಮಾಜು ಮುಗಿಸಿ ನೇರ ಬಂದ. ಗುಜರಿಗೆ ಬಿದ್ದಿದ್ದ ಒಂದು ಪಿಕಪ್ಪಿನ ಸ್ಪ್ರಿಂಗ್ ಪಟ್ಟಿ ಬಿಚ್ಚಿ, ಅಳತೆಗೆ ಕತ್ತರಿಸಿ, ಎರಡೂ ಬದಿಗೆ ಹಳೆಯದಕ್ಕಿಂತ ದಪ್ಪನೆಯದನ್ನು ಕೂರಿಸಿದ. ಯಾರೋ ಮೆದುಗೊಳವೆ ತಂದು ಕೆಸರು ತೊಳೆದರು. ಯಾರೋ ನೆಲಕ್ಕೆ ನಾಲ್ಕು ಕಬ್ಬಿಣದ ಗೂಟ ಹೊಡೆದರು. ಲೋಲಾಕ್ಷಿ ಉಳಿದ ಹಗ್ಗದಿಂದ ಮನೆಯನ್ನು ನಾಲ್ಕೂ ಮೂಲೆಗೆ ಬಿಗಿದಳು. ಕೆಲಸ ಮಾಡಿದ ಎಲ್ಲರಿಗೂ ಫ್ರಿಜ್ಜಿನಿಂದ ತಣ್ಣನೆಯ ಮಜ್ಜಿಗೆ. ಅಷ್ಟು ಕುಲುಕಾಡಿ ಬಂದ ಫ್ರಿಜ್ಜು ಒಂದೇ ಕಡ್ಡಿಗೆ ಹತ್ತಿಕೊಂಡಿತ್ತು.

ಶನಿವಾರ ದೊಡ್ಡ ಸಾಹೇಬರು ಬಂದರು. ಆರಡಿಗೂ ಮೇಲಿನ ಸ್ಕಾಟ್ಲೆಂಡಿನವರು. ಬಾಗಿಲಲ್ಲಿ ಬಗ್ಗಿಯೇ ಒಳಗೆ ಬರಬೇಕಾಯಿತು. ನಲ್ಲಿ ತಿರುಗಿಸಿದರು, ಕಿಟಕಿ ತೆರೆದು ಮುಚ್ಚಿದರು, ಮಾಡನ್ನು ಒಳಗಿನಿಂದ ಗುದ್ದಿ ನೋಡಿದರು. ಅಪ್ಪಿ ತನ್ನ ಮಂಚದ ಮೇಲಿನಿಂದ ತಲೆಕೆಳಗಾಗಿ ಇಣುಕಿ "ಗುಡ್ ಮಾರ್ನಿಂಗ್ ಸರ್" ಎಂದಳು. ಆಲ್ಫ್ರೆಡ್ ಕೈಕಟ್ಟಿ ಹೊರಗೆ ನಿಂತಿದ್ದರು.

ಇಷ್ಟು ಹಳೆಯ ಗಾಡಿ, ಇಂಥ ಜಾಗ, ಇಲ್ಲಿ ಏನಾದರೂ ಮುರಿದರೆ ಏನು ಮಾಡುತ್ತೀರಿ ಎಂದು ಸಾಹೇಬರು ನೇರ ಲೋಲಾಕ್ಷಿಯನ್ನೇ ಕೇಳಿದರು. ಪ್ರೇಮನಾಥ ಉತ್ತರಿಸಲು ಬಾಯಿ ತೆರೆದ. ಅವಳು ಬಿಡಲಿಲ್ಲ.

"ಎವೆರಿಥಿಂಗ್ ಆಲ್ರೆಡಿ ಬ್ರೇಕ್, ಸರ್. ನೈನ್ ಇಯರ್ಸ್, ಒನ್ ಬೈ ಒನ್. ಆಲ್ ರಿಪೇರ್, ಮೋರ್ ಸ್ಟ್ರಾಂಗ್. ನೌ ನಥಿಂಗ್ ಲೆಫ್ಟ್ ಟು ಬ್ರೇಕ್!"

ಸಾಹೇಬರ ನಗು ಆಫೀಸಿನವರೆಗೆ ಕೇಳಿಸಿತು. ಅಡುಗೆ ಕಟ್ಟೆಯ ಮೇಲೆಯೇ ಕಾಗದ ಇಟ್ಟು ಸಹಿ ಹಾಕಿ, ಎರಡು ನೀರುದೋಸೆ ತಿಂದು, ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಜೀಪು ಹತ್ತಿದರು. ಪ್ರೇಮನಾಥ ಆ ಕಾಗದವನ್ನು ಎರಡು ಸಲ ಓದಿದ. ಲೋಲಾಕ್ಷಿ ಓದಲಿಲ್ಲ. ಹೊಲಿಗೆ ಮೆಶಿನ್ ಎಲ್ಲಿಡುವುದೆಂದು ಆಗಲೇ ಜಾಗ ಹುಡುಕುತ್ತಿದ್ದಳು.

ಹೀಗೆ ಅವರು ದುಕ್ಮ್‌ನಲ್ಲಿ ಹದಿನಾಲ್ಕು ತಿಂಗಳು ಬದುಕಿದರು. ಮಸ್ಕತ್ ಬೇಯುವ ಜೂನ್ ಜುಲೈಯಲ್ಲಿ ಅಲ್ಲಿ ಕಿಟಕಿ ತೆರೆದು ಮಲಗಬಹುದಿತ್ತು. ಗಾಳಿಯದ್ದೇ ಪಾರುಪತ್ಯ. ಒಂದು ಮಧ್ಯಾಹ್ನ ಅದು ಕ್ಯಾಂಪಿನ ಎರಡು ಕ್ಯಾಬಿನ್ನುಗಳ ತಗಡು ಕಿತ್ತು ಕಡಲ ಕಡೆಗೆ ಹಾರಿಸಿತು. ಅಲ್ಲಿದ್ದ ಹನ್ನೊಂದು ಜನ ಬಂದು ಗಾಲಿಮನೆಯೊಳಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತರು. ಮನೆ ನೆಲಕ್ಕೆ ಕಟ್ಟಿದ ದೋಣಿಯಂತೆ ಹಗ್ಗದ ಮೇಲೆ ತೂಗಿತು, ಹಗ್ಗಗಳು ಹಾಡಿದವು, ಲೋಲಾಕ್ಷಿ ಎಲ್ಲರಿಗೂ ಚಹಾ ಮಾಡಿದಳು. ಸಂಜೆ ಗಾಳಿ ಇಳಿದ ಮೇಲೆ ಆಲ್ಫ್ರೆಡ್ ಬಂದು ಒಂದೊಂದು ಗಂಟನ್ನೂ ಮುಟ್ಟಿ ನೋಡಿ ಹೋದರು. ಮರುವಾರ ಕ್ಯಾಂಪಿನ ಎಲ್ಲ ಕ್ಯಾಬಿನ್ನುಗಳಿಗೂ ಹಗ್ಗ ಬಂತು. ಕಟ್ಟಲು ತೋರಿಸಿಕೊಟ್ಟವಳು ಲೋಲಾಕ್ಷಿ.

ಜೆಟ್ಟಿ ಮುಗಿಯಿತು. ೧೯೯೫ರ ಜುಲೈಯಲ್ಲಿ ಹಿಂದಿರುಗುವ ಆದೇಶ ಬಂತು. ಆಗಸ್ಟ್ ಮೊದಲ ವಾರ ಅಪ್ಪಿ ಒಂದನೇ ಕ್ಲಾಸಿಗೆ ಸೇರಬೇಕು. ಗಾಲಿಗಳನ್ನೆಲ್ಲ ಬಿಚ್ಚಿ ಗ್ರೀಸ್ ತುಂಬಿ, ಎರಡು ಹೆಚ್ಚುವರಿ ಸ್ಪ್ರಿಂಗ್ ಪಟ್ಟಿ ಮಂಚದಡಿ ಇಟ್ಟುಕೊಂಡು ಹೊರಟರು. ಒಣಗಿದ ಸಬ್ಖಾ ಈ ಸಲ ಸಿಮೆಂಟಿನಂತೆ ಗಟ್ಟಿ. ಹೈಮಾವರೆಗೆ ಒಂದು ಬೋಲ್ಟೂ ಸಡಿಲವಾಗಲಿಲ್ಲ.

ಹೈಮಾದಲ್ಲಿ ಮಣ್ಣು ರಸ್ತೆ ಮುಗಿದು ಟಾರು ಸಿಗುವ ಕಡೆ ಫಲಕವಿತ್ತು. ಬಲಕ್ಕೆ ಮಸ್ಕತ್, ಎಡಕ್ಕೆ ಸಲಾಲಾ. ಸ್ಟೇರಿಂಗ್ ಹಿಡಿದಿದ್ದವಳು ಲೋಲಾಕ್ಷಿ. ಅವಳು ಗಾಡಿ ನಿಲ್ಲಿಸಿದಳು. ಪ್ರೇಮನಾಥ ಅರೆನಿದ್ದೆಯಿಂದ ಎಚ್ಚೆತ್ತ.

"ಎಂತ? ಶಬ್ದ ಬಂತಾ?"

"ಇಲ್ಲ. ಸಲಾಲಾದಲ್ಲಿ ಈಗ ಮಳೆಯಂತೆ. ಬೆಟ್ಟವೆಲ್ಲ ಹಸಿರಂತೆ. ಇವಳು ಸರಿಯಾದ ಮಳೆಯನ್ನೇ ನೋಡಲಿಲ್ಲವಲ್ಲ ಮಾರಾಯ್ರೆ."

"ಐದುನೂರು ಕಿಲೋಮೀಟರ್ ಲೋಲಾ! ಹೋಗಲಿಕ್ಕೆ ಮಾತ್ರ!"

"ಶಾಲೆಗೆ ಎಷ್ಟು ದಿನ ಉಂಟು?"

ಪ್ರೇಮನಾಥ ಬೆರಳು ಮಡಚಿ ಎಣಿಸಿದ. "ಹನ್ನೆರಡು."

ಹಿಂದಿನ ಸೀಟಿನಲ್ಲಿ ಅಪ್ಪಿ ಎದ್ದು ನಿಂತಿದ್ದಳು. "ರಿಯಲ್ ರೈನ್? ಇಡೀ ದಿನ ಬರ್ತದಾ?"

ಪ್ರೇಮನಾಥ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಕೊನೆಗೆ ಕಿಟಕಿಯಿಂದ ಬಗ್ಗಿ ಹಿಂದಿನ ಗಾಲಿಗಳನ್ನು ನೋಡಿದ. ನಾಲ್ಕೂ ನೆಟ್ಟಗಿದ್ದವು. ಅವನು ಸೀಟಿಗೆ ಒರಗಿ ಕಾಲು ಚಾಚಿದ.

"ಮತ್ತೆ ಎಂತ ನೋಡ್ತಾ ಕೂತಿದ್ದೀ ಮಾರಾಯ್ತಿ? ತಿರುಗಿಸು!"

ಲೋಲಾಕ್ಷಿ ಎಡಕ್ಕೆ ತಿರುಗಿಸಿದಳು.